ನಿರ್ಜನ ವಿಸ್ತಾರದಲ್ಲಿ ನಾಲ್ಕು ಗುಂಡಿ ಯಾವ ಲೆಕ್ಕ?

ಪ್ರಶ್ನೆ: ಕೆನಡಾದ ಉತ್ತರದಲ್ಲಿ ಪ್ರತಿ ವಜ್ರದ ಗಣಿಗೂ ಪರಿಸರ ಪರಿಣಾಮದ ಅಧ್ಯಯನ ನಡೆದೇ ಅನುಮತಿ ಸಿಕ್ಕಿರುತ್ತದಲ್ಲವೇ? ಹಾಗಿರುವಾಗ ‘ಸಂಚಿತ ಪರಿಣಾಮ’ ಎಂದು ಮತ್ತೊಂದನ್ನು ಏಕೆ ಅಳೆಯಬೇಕು? ಅಷ್ಟು ದೊಡ್ಡ ನಿರ್ಜನ ಪ್ರದೇಶದಲ್ಲಿ ನಾಲ್ಕು ಗುಂಡಿಗಳಿಂದ ಆಗುವುದಾದರೂ ಏನು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಉತ್ತರವನ್ನು ಅಚ್ಚು ಹಾಕಿಸಿಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಅದರ ಮೊದಲರ್ಧಕ್ಕೆ ಹೇಳಬೇಕಾದದ್ದು ಹೆಚ್ಚಿಲ್ಲ. ಒಂದು ಯೋಜನೆಗೆಂದು ಬರೆದ ವರದಿ ಗಣಿಯ ಬೇಲಿಯ ಬಳಿ ನಿಂತು ಹೊರಗೆ ನೋಡುತ್ತದೆ; ಸಂಚಿತ ಪರಿಣಾಮದ ಅಧ್ಯಯನವು ಪೆಟ್ಟು ತಿನ್ನುವ ಹೊಳೆಯ, ಪ್ರಾಣಿಯ ಅಥವಾ ಊರಿನ ಬಳಿ ನಿಂತು, ನಾಲ್ಕೂ ದಿಕ್ಕಿನಿಂದ ಬಂದು ಬೀಳುವುದನ್ನೆಲ್ಲ ಎಣಿಸುತ್ತದೆ. ‘ಸಂಚಿತ’ ಎಂಬ ಮಾತನ್ನು ಕರ್ಮದ ಜೊತೆಯಲ್ಲಿ ಕೇಳಿ ಬೆಳೆದ ನಮಗೆ, ಹಿಂದಿನ ಗಂಟು ಹೊತ್ತೇ ಇಂದಿನ ಲೆಕ್ಕ ಶುರುವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಣಿಗಳಿರುವ ಪ್ರದೇಶಕ್ಕೆ ಅನ್ವಯಿಸುವ, ಕೆನಡಾದ 1998ರ ಮೆಕೆಂಜಿ ಕಣಿವೆ ಸಂಪನ್ಮೂಲ ನಿರ್ವಹಣಾ ಕಾಯ್ದೆಯ ಪ್ರಕಾರ, ಹೊಸ ಯೋಜನೆಯು ಇತರ ಯೋಜನೆಗಳ ಜೊತೆ ಸೇರಿ ಉಂಟುಮಾಡಬಹುದಾದ ಪರಿಣಾಮವನ್ನು ಪರಿಶೀಲನಾ ಮಂಡಳಿ ಪರಿಗಣಿಸಲೇಬೇಕು. ಆ ಪರಿಣಾಮದ ವ್ಯಾಖ್ಯೆಯೊಳಗೆ ಜನಜೀವನವೂ ಸಂಸ್ಕೃತಿಯೂ ಸೇರಿವೆ.

ಕಷ್ಟವಿರುವುದು ಎರಡನೆಯ ಅರ್ಧದಲ್ಲಿ. ‘ನಿರ್ಜನ ವಿಸ್ತಾರದಲ್ಲಿ ನಾಲ್ಕು ಗುಂಡಿ’ ಎಂಬ ಮಾತಿಗೆ ಎಷ್ಟು ಸಲ ತಿಥಿ ಮಾಡಿದರೂ ಅದು ಮತ್ತೆ ಎದ್ದು ಬರುತ್ತದೆ. ಭೂಪಟ ನೋಡಿದವರಿಗೆ ಹಾಗೆ ಅನಿಸುವುದು ಸಹಜವೇ. ಯೆಲ್ಲೊನೈಫ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿ, ಮರಗಳೇ ಬೆಳೆಯದ ಬಯಲಿನಲ್ಲಿ ಲಾಕ್ ದ ಗ್ರಾ ಎಂಬ ಸರೋವರವಿದೆ. ಅದರ ಆಸುಪಾಸಿನಲ್ಲಿ 1998ರಲ್ಲಿ ಎಕಾಟಿ ಗಣಿಯೂ 2003ರಲ್ಲಿ ಡಯಾವಿಕ್ ಗಣಿಯೂ ಕೆಲಸ ಆರಂಭಿಸಿದವು; ಇನ್ನಷ್ಟು ದಕ್ಷಿಣದಲ್ಲಿ 2008ರಲ್ಲಿ ಸ್ನ್ಯಾಪ್ ಲೇಕ್, 2016ರಲ್ಲಿ ಗಾಚೊ ಕುಯೆ ಬಂದವು. ಪಟದ ಮೇಲೆ ಇವು ಸಾಸಿವೆ ಕಾಳುಗಳಂತೆ ಕಾಣುತ್ತವೆ. ಆದರೆ ಪಟದಲ್ಲಿ ಕಾಣದ ಒಂದು ಸಂಗತಿಯಿದೆ: ಬಾಥರ್ಸ್ಟ್ ಹಿಂಡು ಎಂದು ಕರೆಯುವ ಕ್ಯಾರಿಬೂಗಳು, ಅಂದರೆ ಅಲ್ಲಿನ ಹಿಮಸಾರಂಗಗಳು, ಕಾಡಂಚಿನ ಚಳಿಗಾಲದ ನೆಲೆಗೂ ಉತ್ತರದ ಕಡಲ ಬಳಿ ಕರು ಹಾಕುವ ನೆಲೆಗೂ ನಡುವೆ ಪ್ರತಿವರ್ಷ ನೂರಾರು ಕಿಲೊಮೀಟರ್ ನಡೆಯುವುದು ಇದೇ ನೆಲದ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ಗಣಿಗಾಗಿ ಅಗೆದ ನೆಲ ಹತ್ತೇ ಚದರ ಕಿಲೊಮೀಟರ್ ಎಂದುಕೊಳ್ಳಿ. ಎಕಾಟಿ ಮತ್ತು ಡಯಾವಿಕ್ ಸುತ್ತ ನಡೆದ ಅಧ್ಯಯನದಲ್ಲಿ, ಗಣಿಯಿಂದ ಸುಮಾರು 14 ಕಿ.ಮೀ. ದೂರದವರೆಗೂ ಕ್ಯಾರಿಬೂಗಳು ಇರಬೇಕಾದಷ್ಟು ಸಂಖ್ಯೆಯಲ್ಲಿ ಇರಲಿಲ್ಲ. ಗಣಿಯನ್ನು ಬರಿಯ ಒಂದು ಚುಕ್ಕೆಯೆಂದು ಹಿಡಿದರೂ, 14 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ 600 ಚದರ ಕಿಲೊಮೀಟರಿಗೂ ಹೆಚ್ಚು. ಅಗೆದದ್ದು ಹತ್ತು, ಪ್ರಾಣಿಯ ಮಟ್ಟಿಗೆ ಕೆಟ್ಟದ್ದು ಆರುನೂರು. ಏಳನೆಯ ತರಗತಿಯ ಗಣಿತ ಬಲ್ಲವರು ಯಾರು ಬೇಕಾದರೂ ಇದನ್ನು ಹಾಕಿ ನೋಡಬಹುದು. ಆದರೂ ಪ್ರಶ್ನೆ ಮಾತ್ರ ಬರುತ್ತಲೇ ಇರುತ್ತದೆ.

‘ಹೋಗಲಿ, ಜಾಗ ಬೇಕಾದಷ್ಟಿದೆ, ಪ್ರಾಣಿ ಸುತ್ತು ಹಾಕಿಕೊಂಡು ಹೋಗಲಿ’ ಎನ್ನುವವರು ಆ ನೆಲವನ್ನು ಬಯಲುಸೀಮೆಯ ಹೊಲದಂತೆ ಕಲ್ಪಿಸಿಕೊಂಡಿರುತ್ತಾರೆ. ಅಲ್ಲಿ ಎಲ್ಲೆಡೆಯೂ ಕೆರೆಗಳು. ಒಂದು ಕೆರೆಗೂ ಇನ್ನೊಂದಕ್ಕೂ ನಡುವಿನ ಇಕ್ಕಟ್ಟಾದ ನೆಲವೇ ತಲೆತಲಾಂತರದ ದಾರಿ. ಹಿಮಯುಗ ಬಿಟ್ಟುಹೋದ ಜಲ್ಲಿಯ ಏರಿಗಳ ಮೇಲೆ ಕ್ಯಾರಿಬೂ ನಡೆಯುತ್ತದೆ, ತೋಳವೂ ನರಿಯೂ ಅಲ್ಲೇ ಬಿಲ ತೋಡುತ್ತವೆ. ಗಣಿಯ ರಸ್ತೆಗೆ ಜಲ್ಲಿ ಬೇಕಾದಾಗ ಕಣ್ಣು ಬೀಳುವುದೂ ಅದೇ ಏರಿಗಳ ಮೇಲೆ. ಲಾರಿಗಳು ಎಬ್ಬಿಸುವ ಧೂಳು ಹೋಗಿ ಕೂರುವುದು ಕಲ್ಲುಹೂವಿನ ಮೇಲೆ. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದೂರದ ಬಂಧುವೇ ಅಲ್ಲಿ ಚಳಿಗಾಲದ ಮೇವು. ಅದಕ್ಕೆ ಬೇರಿಲ್ಲ, ಬೇಕಾದದ್ದನ್ನೂ ಬೇಡವಾದದ್ದನ್ನೂ ಗಾಳಿಯಿಂದಲೇ ಹೀರುತ್ತದೆ.

ಒಂದು ಹೆಣ್ಣು ಕ್ಯಾರಿಬೂವಿನ ಬೇಸಿಗೆಯನ್ನು ನೋಡಿ. ಹೆಜ್ಜೆ ಹೆಜ್ಜೆಗೂ ಮುತ್ತುವ ಸೊಳ್ಳೆ ಮತ್ತು ನೊಣಗಳಿಂದ ತಪ್ಪಿಸಿಕೊಳ್ಳಲು ಓಡುತ್ತಲೇ, ಸಿಕ್ಕ ಬಿಡುವಿನಲ್ಲಿ ಮೇಯಬೇಕು, ಕರುವಿಗೆ ಹಾಲೂಡಿಸಬೇಕು, ಶರತ್ಕಾಲದ ಹೊತ್ತಿಗೆ ಬೆನ್ನಿನಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಒಂದು ಗಣಿರಸ್ತೆಯ ಮುಂದೆ ಅರ್ಧ ದಿನ ಹಿಂಜರಿದು ನಿಂತರೆ ಅದು ಸಾಯುವುದಿಲ್ಲ. ಆ ರಸ್ತೆಯ ವರದಿ ‘ಗಣನೀಯ ಪರಿಣಾಮವಿಲ್ಲ’ ಎಂದು ಬರೆದರೆ ಸುಳ್ಳೇನೂ ಅಲ್ಲ. ಆದರೆ ಅಂಥ ಅರ್ಧ ದಿನಗಳು ಕೂಡುತ್ತ ಹೋಗಿ, ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗಿಳಿದ ವರ್ಷ ಅದು ಗಬ್ಬವಾಗುವುದಿಲ್ಲ. ಸತ್ತ ಪ್ರಾಣಿಯನ್ನು ರಸ್ತೆಬದಿಯಲ್ಲಿ ಎಣಿಸಬಹುದು, ಹುಟ್ಟದ ಕರುವನ್ನು ಯಾವ ಗಣಿಯ ಖಾತೆಗೆ ಬರೆಯುತ್ತೀರಿ?

1986ರಲ್ಲಿ ಈ ಹಿಂಡಿನ ಅಂದಾಜು ಸಂಖ್ಯೆ 4.7 ಲಕ್ಷ, 1996ರಲ್ಲಿ, ಮೊದಲ ಗಣಿಯ ಪರಿಶೀಲನೆ ನಡೆದ ಕಾಲಕ್ಕೆ, ಸುಮಾರು 3.5 ಲಕ್ಷ, 2009ರಲ್ಲಿ 32,000, 2021ರಲ್ಲಿ 6,240. ಇದನ್ನೆಲ್ಲ ಗಣಿಗಳೇ ಮಾಡಿದವು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಹಿಂಡಿಗೆ ತನ್ನದೇ ಏರಿಳಿತವಿದೆ, ಕಾಳ್ಗಿಚ್ಚಿದೆ, ಬಿಸಿಯಾಗುತ್ತಿರುವ ಹವೆಯಿದೆ, ತೋಳಗಳಿವೆ, ಬೇಟೆಯೂ ಇತ್ತು. ಮೂರೂವರೆ ಲಕ್ಷದ ಹಿಂಡು ಸಹಿಸಿಕೊಂಡ ತೊಂದರೆಯೇ ಆರು ಸಾವಿರದ ಹಿಂಡಿಗೂ ಬಂದಾಗ ಅದರ ತೂಕ ಬೇರೆಯಾಗುತ್ತದೆ ಎಂಬುದಷ್ಟೇ ನನ್ನ ಮಾತು. 2016ರ ಫೆಬ್ರವರಿಯಲ್ಲಿ ಎಕಾಟಿ ಗಣಿಯ ‘ಜೇ’ ಎಂಬ ವಿಸ್ತರಣಾ ಯೋಜನೆಯನ್ನು ಪರಿಶೀಲಿಸಿದ ಮಂಡಳಿಯೂ, ಅದು ಕ್ಯಾರಿಬೂಗಳ ಮೇಲೆ ಗಣನೀಯ ಸಂಚಿತ ದುಷ್ಪರಿಣಾಮ ಬೀರುವ ಸಂಭವವಿದೆ ಎಂದು ಹೇಳಿ, ಷರತ್ತುಗಳನ್ನು ವಿಧಿಸಿಯೇ ಒಪ್ಪಿಗೆಗೆ ಶಿಫಾರಸು ಮಾಡಿತು.

ಇನ್ನು ‘ನಿರ್ಜನ’ ಎಂಬ ಮಾತು. ಅಲ್ಲಿನ ಮೂಲನಿವಾಸಿಗಳಾದ ತ್ಲಿಚೊ, ಇತರ ಡೆನೆ ಮತ್ತು ಇನುಯಿಟ್ ಜನರಿಗೆ ಅದು ಬೇಟೆಯ ನೆಲ, ಹಿರಿಯರ ಗೋರಿಗಳಿರುವ ನೆಲ. ಗಣಿಗಳು ಅವರಿಗೆ ಸಂಬಳ ಕೊಟ್ಟಿವೆ, ಗುತ್ತಿಗೆ ಕೊಟ್ಟಿವೆ. ಎರಡು ವಾರ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ ಎಂಬ ಪಾಳಿಯ ದುಡಿಮೆಯಿಂದ ಎಷ್ಟೋ ಮನೆಗಳು ಸುಧಾರಿಸಿವೆ. ಅದೇ ಪಾಳಿಯಿಂದ ತಂದೆ ವರ್ಷದಲ್ಲಿ ಅರ್ಧ ಕಾಲ ಮನೆಯಲ್ಲಿರುವುದಿಲ್ಲ. ಇತ್ತ ಹಿಂಡು ಕರಗಿದ್ದರಿಂದ ಗಣಿಗಳಿರುವ ವಾಯವ್ಯ ಪ್ರಾಂತ್ಯಗಳಲ್ಲಿ 2015ರಿಂದೀಚೆಗೆ ಬಾಥರ್ಸ್ಟ್ ಕ್ಯಾರಿಬೂ ಬೇಟೆಯ ಮಿತಿ ಸೊನ್ನೆ. ಮಗನಿಗೆ ಬೇಟೆ, ಚರ್ಮ ಹದ ಮಾಡುವುದು, ಜಾಗಗಳ ಹೆಸರು ಕಲಿಸಲು ಒಮ್ಮೆ ತಂದೆಗೆ ಬಿಡುವಿಲ್ಲ, ಬಿಡುವಾದಾಗ ಪ್ರಾಣಿಯಿಲ್ಲ. ಉದ್ಯೋಗದ ಲಾಭವನ್ನು ಒಂದು ಅಧ್ಯಾಯದಲ್ಲೂ ವನ್ಯಜೀವಿಯ ನಷ್ಟವನ್ನು ಇನ್ನೊಂದರಲ್ಲೂ ಬರೆದರೆ ಈ ಮನೆ ಎರಡರಲ್ಲೂ ಕಾಣುವುದಿಲ್ಲ. ತ್ಲಿಚೊ ಜನ ಕೈಕಟ್ಟಿ ಕೂತಿಲ್ಲ: 2016ರಿಂದ ಅವರ ಹಿರಿಯರೂ ಕಿರಿಯರೂ ಬೇಸಿಗೆಯಲ್ಲಿ ಕಾಂಟ್‌ವಾಯ್ಟೊ ಸರೋವರದ ಬಳಿ ಬಿಡಾರ ಹೂಡಿ, ಕಾಲ್ನಡಿಗೆಯಲ್ಲಿ ಕ್ಯಾರಿಬೂಗಳ ಹಿಂದೆ ಹೋಗಿ, ಕಂಡದ್ದನ್ನು ದಾಖಲಿಸುತ್ತಿದ್ದಾರೆ.

ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿಬಿಡುತ್ತೇನೆ. ಸಂಚಿತ ಲೆಕ್ಕವನ್ನು ಹೊಸ ಯೋಜನೆಯವರೇ ಬರೆದು ತರಬೇಕೆಂಬ ಪದ್ಧತಿಯಲ್ಲಿ, ಮೊದಲು ಬಂದವನ ಪಾಲಿಗೆ ತಟ್ಟೆ ಖಾಲಿಯಿರುತ್ತದೆ, ಕೊನೆಗೆ ಬಂದವನು ಎಲ್ಲರ ಎಂಜಲಿಗೂ ಉತ್ತರ ಕೊಡಬೇಕಾಗುತ್ತದೆ. ಇದಕ್ಕಿರುವ ದಾರಿ, ನೆಲ ಎಷ್ಟನ್ನು ತಾಳುತ್ತದೆ ಎಂದು ಮೊದಲೇ ಮಿತಿ ಹಾಕಿ, ಆಮೇಲೆ ಹಂಚುವುದು. ಇದು ನಮಗೆ ಹೊಸದಲ್ಲ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಗಣಿಗಳನ್ನು ಬಿಡಿಬಿಡಿಯಾಗಿ ನೋಡದೆ ಇಡೀ ಪ್ರದೇಶದ ಪರಿಸರ ಪರಿಣಾಮವನ್ನು ಅಧ್ಯಯನ ಮಾಡಿಸಿತು; ಅದರ ಬೆನ್ನಿಗೆ ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್ ಅದಿರಿನ ಮಿತಿ ಬಂತು. ಆ ಮಿತಿ ಮುಂದೆ 28ಕ್ಕೆ, 2022ರಲ್ಲಿ 35ಕ್ಕೆ ಏರಿತೆಂಬುದು ಬೇರೆ ಕಥೆ. ಅದಿರು ಅಗೆದು ಮುಗಿಯುವ ಮೊದಲೇ ಮಿತಿ ಇತ್ತು ಎಂಬುದನ್ನಾದರೂ ಗಮನಿಸಿ. ಬಾಥರ್ಸ್ಟ್ ಹಿಂಡಿನ ಸಂಚಾರ ಪ್ರದೇಶವನ್ನು ಭಾಗಗಳಾಗಿ ವಿಂಗಡಿಸಿ, ಯಾವ ಭಾಗದಲ್ಲಿ ಎಷ್ಟು ನೆಲ ಕದಡಿದರೆ ಎಚ್ಚರಿಕೆಯ ಗೆರೆ ದಾಟಿದಂತೆ ಎಂದು ಹೇಳುವ ಯೋಜನೆ ಪ್ರಕಟವಾದದ್ದು 2019ರಲ್ಲಿ, ಎಕಾಟಿ ತೆರೆದ ಇಪ್ಪತ್ತೊಂದನೆಯ ವರ್ಷ. ಅದಕ್ಕೆ ಹಿಂದಿನ ವರ್ಷದ ಎಣಿಕೆಯಲ್ಲಿ ಹಿಂಡಿನಲ್ಲಿ ಉಳಿದಿದ್ದವು ಸುಮಾರು 8,200.