ಸರ್ವರ್ ಇಲ್ಲ ಎಂದ ದಿನ

ಮಾರ್ಚ್ ತಿಂಗಳ ಕೊನೆಯ ವಾರ. ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರ ಮೂರನೆಯ ಕೌಂಟರಿನಲ್ಲಿ ಕುಳಿತಿದ್ದೆ. ಕುಂದಗೋಳದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟಿದ್ದ ಪಾಸ್‌ಬುಕ್ಕನ್ನು ಬಿಡಿಸಿ ಗಾಜಿನ ಕಿಂಡಿಯೊಳಗೆ ತಳ್ಳಿದರು. "ತಮ್ಮಾ, ಗೃಹಲಕ್ಷ್ಮಿ ಹಣ ಬಂದಿದೆಯೇನು ನೋಡು" ಎಂದರು. ನೋಡಲು ಅರ್ಧ ನಿಮಿಷ ಸಾಕು. ನಾನು ತಲೆ ಎತ್ತಲಿಲ್ಲ. "ಸರ್ವರ್ ಇಲ್ಲ ಅವ್ವಾ, ನಾಳೆ ಬನ್ನಿ" ಎಂದು ಪಾಸ್‌ಬುಕ್ಕನ್ನು ಹಾಗೆಯೇ ಹಿಂದಕ್ಕೆ ಸರಿಸಿದೆ.

ಸರ್ವರ್ ಇತ್ತು.

ಸಂಜೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವಾಗ, ನವನಗರ ದಾಟಿದ ಮೇಲೆ, ಇದು ನೆನಪಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಜ್ಜಿಯ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಟೋಕನ್ ಸಂಖ್ಯೆ ನೆನಪಿತ್ತು, ಮುಖ ಸಿಗಲಿಲ್ಲ. ದಣಿವು ನನಗೆ ಹೊಸದಾಗಿರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಮೈ ಭಾರವಾಗಿರುತ್ತಿತ್ತು, ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತಿತ್ತು. ಅದಕ್ಕೆಲ್ಲ ಒಗ್ಗಿಕೊಂಡಿದ್ದೆ. ಹೆದರಿಸಿದ್ದು ಆ ಕಾಣದ ಮುಖ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ "ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ" ಎನ್ನುತ್ತಾರೆ. ಮಾತು ಚೆಂದವಾಗಿದೆ, ಆದರೆ ಅದು ಒಂದು ದಿನದ ಕಿರಿಕಿರಿಗೂ ಸಲ್ಲುತ್ತದೆ, ಒಂದು ವರ್ಷದ ಸವೆತಕ್ಕೂ ಸಲ್ಲುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಬರ್ನೌಟ್, ಅಂದರೆ ಕೆಲಸದ ಒತ್ತಡದಲ್ಲಿ ಸವೆದು ಬತ್ತಿಹೋಗುವುದು, ಎಂಬ ಪದ ಬೇಕಾಯಿತು. ಅದನ್ನು ಮನೋವಿಜ್ಞಾನದೊಳಗೆ ತಂದವರಲ್ಲಿ ಮೊದಲಿಗರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕಿನ ಬಡವರ ಬಡಾವಣೆಯೊಂದರ ಉಚಿತ ಚಿಕಿತ್ಸಾಲಯದಲ್ಲಿ ಅವರು ದುಡಿಯುತ್ತಿದ್ದರು. ಹಗಲು ತಮ್ಮ ಸ್ವಂತ ರೋಗಿಗಳು, ಸಂಜೆಯ ನಂತರ ಅಲ್ಲಿಯ ಸೇವೆ. ಹುರುಪಿನಿಂದ ಬಂದ ಸ್ವಯಂಸೇವಕರು ವರ್ಷ ತುಂಬುವಷ್ಟರಲ್ಲಿ ಸಿಡುಕರಾಗುವುದನ್ನು, ಯಾವುದರಲ್ಲೂ ನಂಬಿಕೆ ಇಲ್ಲದವರಂತೆ ಮಾತನಾಡುವುದನ್ನು ಅವರು ಗಮನಿಸಿದರು. ತಮ್ಮಲ್ಲೂ ಅದನ್ನೇ ಕಂಡುಕೊಂಡರು. 1974ರಲ್ಲಿ ಈ ಕುರಿತು ಬರೆದ ಲೇಖನದಲ್ಲಿ, ಹೀಗೆ ಸವೆದುಹೋಗುವವರು ಸೋಮಾರಿಗಳಲ್ಲ, ಕೆಲಸವನ್ನು ತಲೆಗೆ ಹಚ್ಚಿಕೊಂಡವರೇ ಹೆಚ್ಚು ಎಂಬುದನ್ನು ಗುರುತಿಸಿದರು.

ಆಮೇಲೆ ಕ್ಯಾಲಿಫೋರ್ನಿಯಾದ ಕ್ರಿಸ್ಟೀನಾ ಮ್ಯಾಸ್ಲಾಕ್ ಇದನ್ನು ಅಳೆಯಲು ಹೊರಟರು. ಸೂಸನ್ ಜಾಕ್ಸನ್ ಅವರ ಜೊತೆ 1981ರಲ್ಲಿ ಅವರು ಪ್ರಕಟಿಸಿದ 22 ಹೇಳಿಕೆಗಳ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದು ಹುಡುಕುವುದು ಮೂರು ಗುರುತುಗಳನ್ನು. ಮೊದಲನೆಯದು ನಿದ್ದೆಗೂ ಇಳಿಯದ ದಣಿವು. ಮೂರನೆಯದು, ಎಷ್ಟು ಮಾಡಿದರೂ ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಇವೆರಡನ್ನೂ ಜನ ಹೇಳಿಕೊಳ್ಳುತ್ತಾರೆ. ನಡುವಿನದನ್ನು ಹೇಳಿಕೊಳ್ಳುವುದಿಲ್ಲ, ಏಕೆಂದರೆ ಅದು ಮರ್ಯಾದೆಯ ಪ್ರಶ್ನೆ. ಎದುರಿಗಿರುವ ಮನುಷ್ಯ ವಸ್ತುವಾಗಿಬಿಡುವುದು. ಗ್ರಾಹಕ ಟೋಕನ್ ಆಗುತ್ತಾನೆ, ರೋಗಿ ಮಂಚದ ಸಂಖ್ಯೆಯಾಗುತ್ತಾನೆ, ಮಕ್ಕಳು ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟಾಗುತ್ತಾರೆ. ಬತ್ತಿದ ಮನಸ್ಸು ಉಳಿದ ಒಂದಿಷ್ಟನ್ನಾದರೂ ಕಾಪಾಡಿಕೊಳ್ಳಲು ಎಲ್ಲರಿಂದ ಒಂದು ಮಾರು ದೂರ ಸರಿದು ನಿಲ್ಲುತ್ತದೆ. ನನ್ನ "ಸರ್ವರ್ ಇಲ್ಲ" ಎಂಬ ಮಾತು ಆ ಒಂದು ಮಾರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರವಾದ ತನ್ನ ರೋಗಗಳ ಹೊಸ ವರ್ಗೀಕರಣದಲ್ಲಿ ಬರ್ನೌಟ್‌ಗೆ ಜಾಗ ಕೊಟ್ಟಿದೆ. ಆ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಕಾಯಿಲೆ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಷ್ಟೇ ಹೇಳಿದೆ. ಉದ್ಯೋಗದ ಆಚೆಗೆ ಈ ಪದವನ್ನು ಬಳಸಬಾರದು ಎಂದೂ ಹೇಳಿದೆ. ಇಲ್ಲಿ ನನಗೊಂದು ತಕರಾರಿದೆ. ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿರುವ ಸೊಸೆಗೆ ಸಂಬಳವಿಲ್ಲ, ರಜೆಯಿಲ್ಲ, ಹಾಜರಿ ಪುಸ್ತಕವೂ ಇಲ್ಲ. ಅವಳದು ಕೆಲಸವಲ್ಲದೆ ಮತ್ತೇನು? ಇರಲಿ, ವ್ಯಾಖ್ಯೆ ಮಾಡುವವರು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಾಗುತ್ತದೆ.

ದೇಹದೊಳಗೆ ಆಗುವುದೇನು? ನಾನು ದಿನವೂ ಹತ್ತುವ ಬಸ್ಸಿನ ಹೆಸರಿನಲ್ಲೇ ಅರ್ಧ ಉತ್ತರವಿದೆ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಚಿಗರಿಗಳೂ, ಅಂದರೆ ಕೃಷ್ಣಮೃಗಗಳೂ ಇವೆ, ತೋಳಗಳೂ ಇವೆ. ತೋಳ ಕಂಡೊಡನೆ ಚಿಗರಿಯ ಮಿದುಳಿನ ತಳದಿಂದ ಹೊರಟ ಸಂದೇಶ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೋಗುತ್ತದೆ. ನರಗಳ ನೇರ ಕರೆಗೆ ಆ ಗ್ರಂಥಿಯಿಂದ ಅಡ್ರಿನಲಿನ್ ಮೊದಲು ಬರುತ್ತದೆ, ಪಿಟ್ಯುಟರಿಯ ಸಂದೇಶಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಹಿಂದೆಯೇ ಬರುತ್ತದೆ. ಎದೆ ಬಡಿತ ಏರುತ್ತದೆ, ರಕ್ತಕ್ಕೆ ಸಕ್ಕರೆ ಸುರಿಯುತ್ತದೆ, ಜೀರ್ಣಕ್ರಿಯೆಯಂಥ ತುರ್ತಿಲ್ಲದ ಕೆಲಸಗಳು ಹಿಂದೆ ಬೀಳುತ್ತವೆ. ಚಿಗರಿ ತಪ್ಪಿಸಿಕೊಂಡಿತು ಎನ್ನಿ, ತುಸು ಹೊತ್ತಿಗೆ ಮತ್ತೆ ಮೇಯತೊಡಗುತ್ತದೆ. ಕಾರ್ಟಿಸಾಲ್ ತಾನೇ ಮಿದುಳಿಗೆ ಮರಳಿ "ಸಾಕು" ಎಂದು ತಿಳಿಸಿ ಕೊಳಾಯಿ ಮುಚ್ಚಿಸುತ್ತದೆ. ನಾನಾದರೋ ಹುಬ್ಬಳ್ಳಿಯಿಂದ ಧಾರವಾಡದವರೆಗಿನ 20 ಕಿಲೋಮೀಟರಿಗೂ ಮಿಕ್ಕ ದಾರಿಯುದ್ದಕ್ಕೂ ಶಾಖೆಯ ವಾಟ್ಸ್‌ಆ್ಯಪ್ ಗುಂಪು ನೋಡುತ್ತಿದ್ದೆ. ತೋಳ ಜೇಬಿನಲ್ಲೇ ಕುಳಿತು ಬರುತ್ತಿತ್ತು.

ಹೀಗೆ ಎಡೆಬಿಡದೆ ಹೊರುವ ಭಾರಕ್ಕೆ ದೇಹ ತೆರುವ ಬೆಲೆಯನ್ನು ಬ್ರೂಸ್ ಮೆಕ್‌ಯೂಅನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ ಒಂದು ಪರಿಕಲ್ಪನೆಯಾಗಿ ಮುಂದಿಟ್ಟರು: ನಮ್ಮನ್ನು ಉಳಿಸುವ ವ್ಯವಸ್ಥೆಯೇ ವಿರಾಮವಿಲ್ಲದೆ ಓಡಿದರೆ ರಕ್ತದೊತ್ತಡ, ನಿದ್ದೆ, ರೋಗನಿರೋಧಕ ಶಕ್ತಿ ಒಂದೊಂದನ್ನೇ ಸವೆಸುತ್ತದೆ. ಹಾಗೆಂದು ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ ಬರ್ನೌಟ್ ಪತ್ತೆ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬರ್ನೌಟ್ ಇರುವವರ ಕಾರ್ಟಿಸಾಲ್ ಕೆಲವು ಅಧ್ಯಯನಗಳಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ, ಇನ್ನು ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ. ಪ್ಯಾರಿಸ್ಸಿನ ಸಂಶೋಧಕರು 2022ರಲ್ಲಿ ಬೇರೊಂದು ಕುತೂಹಲದ ಸಂಗತಿ ಕಂಡರು. ಆರು ಗಂಟೆಗೂ ಮಿಕ್ಕಿ ಕಠಿಣವಾದ ಬೌದ್ಧಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಸೇರಿಕೊಂಡಿತ್ತು, ಮತ್ತು ಅಂಥವರು ಕಷ್ಟವಿಲ್ಲದೆ, ಕೂಡಲೇ ಸಿಗುವ ಲಾಭದ ಕಡೆಗೇ ವಾಲುತ್ತಿದ್ದರು. ಇದು ಒಂದು ದಿನದ ದಣಿವಿನ ಕಥೆ, ಬರ್ನೌಟಿನದಲ್ಲ. ಆದರೂ ಸಂಜೆ ನಾಲ್ಕರ ಹೊತ್ತಿಗೆ ಬಾಯಿಂದ ಸುಲಭದ ಸುಳ್ಳೇ ಏಕೆ ಮೊದಲು ಹೊರಡುತ್ತದೆ ಎಂಬುದಕ್ಕೆ ಸಣ್ಣ ಸುಳಿವು ಸಿಕ್ಕಿತು.

ಏಪ್ರಿಲ್‌ನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ನಮ್ಮೂರು ಗದಗ ಜಿಲ್ಲೆಯ ರೋಣದ ಕಡೆ, ಎರೆ ಹೊಲದ ಸೀಮೆ. ನಾಲ್ಕನೆಯ ದಿನ ನಿದ್ದೆ ಬಂತು, ಏಳನೆಯ ದಿನ ನಗು ಬಂತು. ಮರಳಿ ಕೌಂಟರಿನಲ್ಲಿ ಕುಳಿತ ಎರಡನೆಯ ವಾರಕ್ಕೆ ಎಲ್ಲವೂ ಮೊದಲಿನಂತೆಯೇ ಆಯಿತು. ನನ್ನಲ್ಲೇ ಏನೋ ದೋಷವಿದೆ ಎಂದುಕೊಂಡಿದ್ದೆ. ಆಮೇಲೆ ಓದಿದ್ದು: ಮೀನಾ ವೆಸ್ಟ್‌ಮನ್ ಮತ್ತು ಡವ್ ಈಡನ್ ಎಂಬ ಇಸ್ರೇಲಿನ ಸಂಶೋಧಕರು ಕಚೇರಿ ಗುಮಾಸ್ತರನ್ನು ರಜೆಗೆ ಮೊದಲು, ರಜೆಯಲ್ಲಿ, ರಜೆಯ ನಂತರ ಪ್ರಶ್ನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು. ರಜೆಯಲ್ಲಿ ಇಳಿದ ಬರ್ನೌಟ್, ಕೆಲಸಕ್ಕೆ ಮರಳಿದ ಮೂರು ವಾರಗಳೊಳಗೆ ಹಳೆಯ ಮಟ್ಟಕ್ಕೇ ಏರಿತ್ತು.

ಊರಿನಲ್ಲಿದ್ದಾಗ ಕೊಟ್ಟಿಗೆಯ ಅಟ್ಟದ ಮೇಲೆ ಅಜ್ಜನ ಹಳೆಯ ನೊಗ ಕಂಡಿತ್ತು. ನಾನು ಚಿಕ್ಕವನಿದ್ದಾಗ, ಹಿಂಗಾರಿ ಬಿತ್ತನೆಯ ಹೊತ್ತಿಗೆ ಎಡಗಡೆಯ ಎತ್ತಿನ ಹೆಗಲು ಬಾತು ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಮುಟ್ಟಿದರೆ ಬಿಸಿ, ಎತ್ತು ಚರ್ಮ ನಡುಗಿಸಿ ಹಿಂದೆ ಸರಿಯುತ್ತಿತ್ತು. ಅರಿಸಿನ ಎಣ್ಣೆ ಹಚ್ಚಿ ಒಂದು ವಾರ ಕಟ್ಟಿಹಾಕಿದರು. ಬಾವು ಇಳಿಯಿತು. ಹೂಡಿದ ಎರಡೇ ದಿನಕ್ಕೆ ಮತ್ತೆ ಬಂತು. ಆಗ ಅಜ್ಜ ಎತ್ತನ್ನು ಬಿಟ್ಟು ನೊಗವನ್ನು ನೋಡಿದರು. ಅಂಗೈಯಿಂದ ಅದರ ಕೆಳಮೈಯನ್ನು ಸವರುತ್ತ ಹೋಗಿ ಒಂದು ಕಡೆ ನಿಂತರು. ಅಲ್ಲೊಂದು ಗಂಟು ಮೂಡಿತ್ತು. ಸಾಲದ್ದಕ್ಕೆ ಬಲಗಡೆಯ ಎತ್ತು ನಾಲ್ಕು ಬೆರಳು ಎತ್ತರ. ನೊಗ ಓರೆಯಾಗಿ ಭಾರವೆಲ್ಲ ಗಿಡ್ಡ ಎತ್ತಿನ ಮೇಲೆ ಬೀಳುತ್ತಿತ್ತು. ನೊಗ ಬಡಿಗನ ಮನೆಗೆ ಹೋಯಿತು, ಜೋಡಿ ಬದಲಾಯಿತು. ಹೆಗಲು ಮತ್ತೆ ಬಾಯಲಿಲ್ಲ.

ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಹುಡುಕಿದ್ದೂ ಇಂಥ ಗಂಟುಗಳನ್ನೇ. ಕೆಲಸದ ಹೊರೆ ಅವುಗಳಲ್ಲಿ ಒಂದು ಮಾತ್ರ. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು, ಮಾಡಿದ್ದಕ್ಕೆ ತಕ್ಕ ಸಂಬಳವೋ ಒಂದು ಒಳ್ಳೆಯ ಮಾತೋ ಸಿಗದಿರುವುದು, ಜೊತೆಯವರೊಂದಿಗೆ ಹೊಂದಿಕೆಯಿಲ್ಲದಿರುವುದು, ತಾರತಮ್ಯ, ಮನಸ್ಸು ಒಪ್ಪದ್ದನ್ನು ಮಾಡಬೇಕಾಗುವುದು, ಇವು ಉಳಿದ ಐದು. ನಮ್ಮ ಕಚೇರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಆ ಓರೆ ನೊಗ. ಎಳೆಯುವವನ ಮೇಜಿಗೇ ಇನ್ನೊಂದು ಕಡತ ಬರುತ್ತದೆ. ಅವನು ಕುಸಿದಾಗ ಒಂದು ದಿನದ ಧ್ಯಾನ ಶಿಬಿರ ಏರ್ಪಡಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇದಕ್ಕಾಗಿಯೇ ಮಾಡಿದ್ದಾರೇನೋ ಎನಿಸುತ್ತದೆ: ಜ್ವರ ಕೆಲಸಕ್ಕೆ, ಬರೆ ಕೆಲಸಗಾರನಿಗೆ. ಧ್ಯಾನದ ಬಗ್ಗೆ ನನಗೆ ದ್ವೇಷವಿಲ್ಲ, ಅರಿಸಿನದ ಬಗ್ಗೆಯೂ ಇಲ್ಲ.

ನಾನು ಮಾಡಿದ್ದು ದೊಡ್ಡದೇನಲ್ಲ. ಎರಡು ವಾರ ಒಂದು ಹಾಳೆಯಲ್ಲಿ ಬರೆದಿಟ್ಟೆ: ದಿನದ ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಮೈ ಉರಿಯುತ್ತದೆ ಎಂದು. ಗ್ರಾಹಕರ ದಟ್ಟಣೆ ಕಾರಣವೆಂದು ನಂಬಿದ್ದೆ, ಹಾಳೆ ಬೇರೆಯೇ ಹೇಳಿತು. ಗ್ರಾಹಕರು ಎದುರಿಗೆ ನಿಂತಿರುವಾಗಲೇ ವಿಮೆ ಮಾರಾಟದ ಗುರಿಯ ಲೆಕ್ಕ ಕೇಳಿ ಬರುವ ಫೋನ್ ಕರೆಗಳು, ಮತ್ತು ಪಾಸ್‌ಬುಕ್ ನಮೂದಿಸಲು ಬಂದವರಿಗೆ ಅವರಿಗೆ ಬೇಡದ ಪಾಲಿಸಿ ಕಟ್ಟಬೇಕಾದ ಮುಜುಗರ. ನೊಗದ ಗಂಟು ಅಲ್ಲಿತ್ತು. ಹಾಳೆ ಹಿಡಿದು ವ್ಯವಸ್ಥಾಪಕರ ಬಳಿ ಹೋದೆ. ಅವರು ಗುರಿಯನ್ನು ಕಡಿಮೆ ಮಾಡಲಾರರು, ಅದು ಅವರ ಕೈಯಲ್ಲಿಲ್ಲ. ಆದರೆ ಕರೆಗಳು ಮಧ್ಯಾಹ್ನ ಮೂರರ ನಂತರವೇ ಎಂದಾಯಿತು, ಕೌಂಟರನ್ನು ಇಬ್ಬರು ಹಂಚಿಕೊಳ್ಳುವುದೆಂದಾಯಿತು. ಎಲ್ಲರಿಗೂ ಕೇಳುವ ಮೇಲಧಿಕಾರಿ ಸಿಗುವುದಿಲ್ಲ, ಗೊತ್ತು. ಕೇಳದ ಕಡೆ ವರ್ಗಾವಣೆಯೋ ಬೇರೆ ಕೆಲಸವೋ ಹುಡುಕುವುದು ಸೋಲಲ್ಲ.

ಇನ್ನೊಂದು, ನೊಗ ದಿನವೂ ಕೆಳಗಿಳಿಯಬೇಕು. ಜರ್ಮನಿಯ ಸಬೀನ್ ಸೊನೆಂಟಾಗ್ ಮತ್ತು ಸಂಗಡಿಗರು ಬಹಳ ವರ್ಷಗಳಿಂದ ಇದನ್ನೇ ಅಧ್ಯಯನ ಮಾಡುತ್ತಿದ್ದಾರೆ. ಕಚೇರಿ ಬಿಟ್ಟ ಮೇಲೆ ಮನಸ್ಸೂ ಕಚೇರಿ ಬಿಡುತ್ತದೆಯೇ ಎಂಬುದು, ದೇಹ ಎಷ್ಟು ಹೊತ್ತು ಮಲಗಿತು ಎಂಬುದರಷ್ಟೇ ಮುಖ್ಯ. ಸುಮ್ಮನೆ ಕೂರುವುದಷ್ಟೇ ಚೇತರಿಕೆಯಲ್ಲ, ಕೈಗೆ ಪಳಗುವ ಹೊಸದೊಂದನ್ನು ಕಲಿಯುವುದೂ ಚೇತರಿಕೆಯೇ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪುತ್ತದೆ ಎಂದು ಗೊತ್ತಿದ್ದರೂ ಅಜ್ಜ ಆ ದಿನ ಗಳೆ ಕಟ್ಟಿದ್ದನ್ನು ಕಂಡಿಲ್ಲ. ನಾನೀಗ ಬಸ್ಸಿನಲ್ಲಿ ಫೋನನ್ನು ಚೀಲದ ತಳಕ್ಕೆ ಹಾಕುತ್ತೇನೆ. ವಾರಕ್ಕೆರಡು ಸಂಜೆ ತಬಲಾ ಕಲಿಯಲು ಹೋಗುತ್ತೇನೆ. ಧಾರವಾಡದಂಥ ಊರಿನಲ್ಲಿ ನಲವತ್ತರ ಮೇಲೆ ತಬಲಾಕ್ಕೆ ಕೈ ಹಚ್ಚುವುದಕ್ಕೆ ಭಂಡ ಧೈರ್ಯ ಬೇಕು. ಆದರೆ ತಾಳ ತಪ್ಪದಂತೆ ಎಣಿಸುತ್ತಿರುವಾಗ ವಿಮೆ ನೆನಪಿಗೆ ಬರುವುದಿಲ್ಲ.

ಇದೆಲ್ಲ ಆಗಲು ಎಂಟು ತಿಂಗಳು ಹಿಡಿಯಿತು. ತೀವ್ರವಾಗಿ ಕುಸಿದವರಿಗೆ ಇನ್ನೂ ಹೆಚ್ಚು ಬೇಕು. ಇಂಥ ಬಳಲಿಕೆಯನ್ನು 2005ರಿಂದ ಅಧಿಕೃತ ರೋಗನಿದಾನವೆಂದೇ ಒಪ್ಪಿಕೊಂಡಿರುವ ಸ್ವೀಡನ್ನಿನಲ್ಲಿ, ನೆನಪು ಮತ್ತು ಏಕಾಗ್ರತೆಯ ತೊಂದರೆ ಕೆಲವರಲ್ಲಿ ವರ್ಷಗಟ್ಟಲೆ ಉಳಿದದ್ದು ದಾಖಲಾಗಿದೆ. ಬರ್ನೌಟ್ ಎಂದು ತಾವೇ ತೀರ್ಮಾನಿಸುವ ಮೊದಲು ವೈದ್ಯರ ಬಳಿ ಹೋಗಿ ರಕ್ತಹೀನತೆ, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿಕೊಳ್ಳುವುದು ಒಳ್ಳೆಯದು. ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ. ಖಿನ್ನತೆಯೂ ಹಾಗೆಯೇ. ಉಣಕಲ್ ಕೆರೆಯ ದಂಡೆಯಲ್ಲಿ ಭಾನುವಾರ ಸಂಜೆ ಗಿರ್ಮಿಟ್ ರುಚಿಸುತ್ತಿದ್ದು, ಸೋಮವಾರ ಕಚೇರಿಯ ಮೆಟ್ಟಿಲ ಬಳಿ ಮಾತ್ರ ಎದೆ ಹಿಂಡಿದರೆ ಒಂದು ಬಗೆ. ಗಿರ್ಮಿಟ್ಟೂ ಬೇಡ, ಮಕ್ಕಳ ಮಾತೂ ಬೇಡ, ಬದುಕೇ ಬೇಡ ಎನಿಸತೊಡಗಿದರೆ ಬೇರೆ ಬಗೆ, ಅದಕ್ಕೆ ಕಾಯಬಾರದು. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಕುಂದಗೋಳದ ಅಜ್ಜಿ ದೀಪಾವಳಿಗೆ ಮೊದಲು ಮತ್ತೆ ಬಂದರು. ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಹಸಿರು ಹಚ್ಚೆಯ ಚುಕ್ಕೆ ಇತ್ತು. ಅದೇ ಪ್ಲಾಸ್ಟಿಕ್ ಚೀಲ, ಅದೇ ಪಾಸ್‌ಬುಕ್. ನಾನು ಖಾತೆ ಸಂಖ್ಯೆ ಒತ್ತಿದೆ, ಪರದೆಯ ನಡುವೆ ಸಣ್ಣ ಚಕ್ರ ತಿರುಗುತ್ತ ನಿಂತಿತು. "ಅವ್ವಾ, ಸರ್ವರ್ ಇಲ್ಲ" ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನಂಬಲಿಲ್ಲ. ನಾನು ಪರದೆಯನ್ನು ಅವರ ಕಡೆ ತಿರುಗಿಸಿ, ಕುರ್ಚಿ ತೋರಿಸಿದೆ. ಇಬ್ಬರೂ ಕೂಡಿ ಆ ಚಕ್ರ ತಿರುಗುವುದನ್ನು ನೋಡುತ್ತ ಕುಳಿತೆವು.