ಮಲೆನಾಡಿನ ತೇವಕ್ಕೆ ಯಾವ ಬೈಂಡಿಂಗ್?

ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಯಂತ್ರದ ಮ್ಯಾನ್ಯುಯಲ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ಬಿದ್ದಿರುತ್ತದೆ. ಕೊಯ್ಲು ಶುರುವಾಗಿ, ಬೆಲ್ಟು ಕೈಕೊಟ್ಟ ದಿನ ತೆಗೆದರೆ ಹಾಳೆ ಡೊಂಕು, ಪಿನ್ನಿನ ಸುತ್ತ ತುಕ್ಕು. ನೆಲದ ಮೇಲೆ ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಎರಡೂ ಕೈಗೆ ಗ್ರೀಸು ಮೆತ್ತಿರುವಾಗ ಪುಟ ಒತ್ತಿ ಹಿಡಿಯುವವರು ಯಾರು?

ತಪ್ಪು ಮಳೆಯದ್ದು ಮಾತ್ರ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ, ನಿಜ. ಆದರೆ ಕಾಗದವನ್ನು ಯಾವ ದಿಕ್ಕಿಗೆ ಇಟ್ಟು ಬೈಂಡ್ ಮಾಡಿದ್ದಾರೆ ಅನ್ನುವುದೂ ಮುಖ್ಯ. ಕಾಗದದ ನಾರು ತೇವ ಹೀರಿದಾಗ ಉದ್ದಕ್ಕೆ ಅಷ್ಟೇನೂ ಬೆಳೆಯುವುದಿಲ್ಲ, ದಪ್ಪಕ್ಕೆ ಉಬ್ಬುತ್ತದೆ. ಮಿಲ್ಲಿನಲ್ಲಿ ಹಾಳೆ ತಯಾರಾಗುವಾಗ ಬಹುಪಾಲು ನಾರು ಒಂದೇ ದಿಕ್ಕಿಗೆ ಮಲಗುತ್ತದೆ. ಇದಕ್ಕೆ ಗ್ರೇನ್ ಎನ್ನುತ್ತಾರೆ. ಗ್ರೇನ್ ಪುಸ್ತಕದ ಬೆನ್ನಿನುದ್ದಕ್ಕೆ ಇದ್ದರೆ ಹಾಳೆ ಹೊರ ಅಂಚಿನ ಕಡೆ ಹಿಗ್ಗಿ ಸುಮ್ಮನಾಗುತ್ತದೆ. ಅಡ್ಡಕ್ಕಿದ್ದರೆ ಬೆನ್ನಿನ ಉದ್ದಕ್ಕೇ ಹಿಗ್ಗಬೇಕು. ಅಲ್ಲಿ ಅಂಟು ಅದನ್ನು ಹಿಗ್ಗಲು ಬಿಡುವುದಿಲ್ಲ. ಹಾಳೆ ಅಲೆಅಲೆಯಾಗುವುದು ಅದಕ್ಕೇ. ಬೇಕಾದರೆ ಒಂದು ಚೌಕ ತುಂಡಿನ ಒಂದೇ ಬದಿಗೆ ನೀರು ಸವರಿ ನೋಡಿ. ಅದು ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿಯ ಕೊಳವೆ ಯಾವ ಕಡೆ ಚಾಚಿದೆಯೋ ಗ್ರೇನ್ ಆ ಕಡೆ.

ಇನ್ನು ಅಂಟು. ಹಾಳೆಗಳ ಬೆನ್ನಿಗೆ ಅಂಟು ಹಚ್ಚಿ ಹೊದಿಕೆ ಕೂರಿಸುವುದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎನ್ನುತ್ತಾರೆ. ಪರ್ಫೆಕ್ಟ್ ಬೈಂಡಿಂಗ್‌ಗೆ ಸಾಮಾನ್ಯವಾಗಿ ಬಳಸುವುದು ಇವಿಎ ಎಂಬ ಪ್ಲಾಸ್ಟಿಕ್ ಅಂಟು. ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹಚ್ಚುತ್ತಾರೆ. ಆರಿದ ಮೇಲೆ ಪುಸ್ತಕವನ್ನು ಬಲವಾಗಿ ಅಗಲಿಸಿದರೆ ಬೆನ್ನು ಬಿರಿದು ಹಾಳೆ ಕೈಗೆ ಬರುತ್ತದೆ. ಪಿಯುಆರ್ (ಪಾಲಿಯುರೆಥೇನ್) ಅಂಟಿನದು ಬೇರೆಯೇ ಕಥೆ. ಅದು ಗಟ್ಟಿಯಾಗುವುದೇ ಗಾಳಿ ಮತ್ತು ಕಾಗದದಲ್ಲಿರುವ ತೇವದ ಜೊತೆ ರಾಸಾಯನಿಕ ಕ್ರಿಯೆ ನಡೆದು. ಮಿಕ್ಕಿದ್ದನ್ನೆಲ್ಲ ಕೆಡಿಸುವ ನಮ್ಮ ಥಂಡಿ ಇದಕ್ಕೆ ಬೇಕೇ ಬೇಕು! ತೆಳ್ಳಗೆ ಹಚ್ಚಿದರೂ ಗಟ್ಟಿ ಹಿಡಿಯುತ್ತದೆ, ಪುಸ್ತಕವೂ ಚೆನ್ನಾಗಿ ಅಗಲಿಸಿಕೊಳ್ಳುತ್ತದೆ. ಖರ್ಚು ಮಾತ್ರ ಜಾಸ್ತಿ.

ಆದರೂ ಶೆಡ್ಡಿನ ಕೆಲಸಕ್ಕೆ ನನ್ನ ಓಟು ವೈರೋಗೆ, ಅಂದರೆ ಅಂಚಿನ ತೂತುಗಳಿಗೆ ತಂತಿಯ ಬಳೆಗಳನ್ನು ಪೋಣಿಸುವ ಬೈಂಡಿಂಗಿಗೆ. ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಹಿಂದಕ್ಕೆ ಪೂರ್ತಿ ಮಡಚಬಹುದು. ಅಂಟೇ ಇಲ್ಲ, ಹಾಗಾಗಿ ಹಾಳೆ ಹಿಗ್ಗಿದರೂ ತೊಂದರೆ ಕಡಿಮೆ. ಎಳೆದಾಡಿದರೆ ತೂತು ಹರಿಯುತ್ತದೆ, ಅದಕ್ಕೆ ಸ್ವಲ್ಪ ದಪ್ಪ ಕಾಗದ ಹಾಕಿಸಬೇಕು. ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಲು ಜಾಗವಿಲ್ಲ, ಆದರೆ ಶೆಡ್ಡಿನಲ್ಲಿ ಯಾರು ಅದನ್ನು ನೋಡುತ್ತಾರೆ ಅಲ್ವಾ? ಹತ್ತಿಪ್ಪತ್ತು ಪುಟದ್ದಾದರೆ ಹಾಳೆಗಳನ್ನು ಮಡಚಿ ನಡು ಮಡಿಕೆಗೆ ಪಿನ್ ಹೊಡೆಯುವ ಸೆಂಟರ್ ಪಿನ್ ಸಾಕು, ಪುಟಗಳು ನಾಲ್ಕರ ಲೆಕ್ಕದಲ್ಲಿರಲಿ. ಬಿಡಿಭಾಗಗಳು ಪದೇಪದೇ ಬದಲಾಗುವ ಯಂತ್ರವಾದರೆ ರಿಂಗ್ ಫೈಲೇ ವಾಸಿ. ಹಳೇ ಹಾಳೆ ತೆಗೆದು ಹೊಸದು ಸೇರಿಸಿದರಾಯಿತು.