ದಯವಿಟ್ಟು ಕರಗಿಸಿ ಕಳಿಸಬೇಡಿ

ಹೋದ ತಿಂಗಳು ಅಂಕೋಲೆಯ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಗೋವೆಯ ಔಷಧ ಕಾರ್ಖಾನೆಯೊಂದರ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ವಿಭಾಗದಲ್ಲಿ ಅವನಿಗೆ ಕೆಲಸ. ಅವರ ಒಂದು ಮಾತ್ರೆಯ ಬ್ಯಾಚು ಡಿಸಲ್ಯೂಶನ್ ಪರೀಕ್ಷೆಯಲ್ಲಿ ಫೇಲಾಗಿತ್ತು. ಔಷಧದ ಪ್ರಮಾಣ ಸರಿಯಾಗಿದೆ, ಶುದ್ಧತೆಯೂ ಸರಿಯಾಗಿದೆ, ಆದರೂ ಮಾತ್ರೆ ಮೊದಲಿನ ಬ್ಯಾಚುಗಳಷ್ಟು ಬೇಗ ಕರಗುತ್ತಿಲ್ಲ. ಪುಡಿಯ ಸ್ಫಟಿಕರೂಪವೇನಾದರೂ, ಅಂದರೆ ಹರಳಿನಲ್ಲಿ ಅಣುಗಳು ಜೋಡಿಸಿಕೊಂಡಿರುವ ರೀತಿಯೇನಾದರೂ, ಬದಲಾಗಿರಬಹುದೇ ಎಂಬುದು ಅವರ ಅನುಮಾನವಾಗಿತ್ತು. ಬಹಳ ಒಳ್ಳೆಯ ಅನುಮಾನ ಎಂದು ನಾನು ಸಂತೋಷಪಡುತ್ತಿರುವಾಗಲೇ ಅವನು ಮುಂದುವರಿಸಿದ: "ಸರ್, ನಿಮಗೆ ತೊಂದರೆ ಆಗಬಾರದು ಅಂತ ಪುಡಿಯನ್ನು ಚೆನ್ನಾಗಿ ಅರೆದು, ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಟ್ಯೂಬಿಗೆ ತುಂಬಿಯೇ ಕಳಿಸಿದ್ದೇವೆ."

ಘನಸ್ಥಿತಿಯ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಪರಮಾಣು ಬೀಜಗಳ ಕಾಂತೀಯ ಅನುರಣನ) ಯಂತ್ರದ ಮುಂದೆ ಕಳೆದ ವರ್ಷಗಳಲ್ಲಿ, ಈಗ ಶಿರಸಿಗೆ ಬಂದು ನೆಲೆಸಿ ಬೇರೆಯವರು ತೆಗೆದ ರೋಹಿತಗಳನ್ನು (ಯಂತ್ರ ಬರೆದುಕೊಡುವ ಗೆರೆಗಳ ನಕ್ಷೆಗಳನ್ನು) ಓದಿ ಸಲಹೆ ಕೊಡುತ್ತಿರುವ ವರ್ಷಗಳಲ್ಲಿ, ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಓದಿದವರು, ಶ್ರದ್ಧೆಯಿಂದ ಕೆಲಸ ಮಾಡುವವರು, ಮೇಲಾಗಿ ನನಗೆ ಉಪಕಾರವಾಗಲೆಂದೇ ಹೀಗೆ ಮಾಡುವವರು. ಆದ್ದರಿಂದ ಸಿಟ್ಟು ಮಾಡಲು ಮನಸ್ಸಾಗುವುದಿಲ್ಲ. ಆದರೆ ಆ ಟ್ಯೂಬಿನೊಳಗೆ ಅವರ ಪ್ರಶ್ನೆಗೆ ಉತ್ತರ ಉಳಿದಿರುವುದಿಲ್ಲ.

ಮೊದಲಿಗೆ ಒಂದೆರಡು ಮಾತು. ಹೆಸರಿನಲ್ಲಿ ನ್ಯೂಕ್ಲಿಯರ್ ಇದೆಯೆಂದು ಕೈಗಾದ ಸ್ಥಾವರವನ್ನು ನೆನೆದು ಕಾರವಾರದಲ್ಲಿ ಕೆಲವರು ಕಳವಳಪಡುತ್ತಾರೆ. ಇಲ್ಲಿ ಪರಮಾಣು ಬೀಜ ಒಡೆಯುವುದೂ ಇಲ್ಲ, ವಿಕಿರಣಶೀಲ ವಸ್ತುವೂ ಇಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟ ಪರಮಾಣು ಬೀಜಗಳು ರೇಡಿಯೋ ತರಂಗಗಳಿಗೆ ಓಗೊಡುವ ಆವರ್ತನವನ್ನು ಅಳೆಯುತ್ತೇವೆ. ಆ ಆವರ್ತನ ಸುತ್ತಲಿನ ಎಲೆಕ್ಟ್ರಾನುಗಳಿಗೆ ತಕ್ಕಂತೆ ಕಿಂಚಿತ್ ಸರಿದಿರುತ್ತದೆ. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬ ಮೂವರು ಸಾಮಾನ್ಯ ಎಥೆನಾಲಿನಿಂದ ಮೂರು ಬೇರೆ ಬೇರೆ ಗೆರೆಗಳನ್ನು ಪಡೆದು ತೋರಿಸಿದ್ದು ಈ ಸರಿತವನ್ನೇ. ಆ ಎಸ್. ಎಸ್. ಧರ್ಮಟ್ಟಿಯವರೇ ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಯನ್ನು ಬೆಳೆಸಿದರು. ಅವರ ಹೆಸರು ನಮ್ಮ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕೆಂಬುದು ನನ್ನ ಆಸೆ.

ಎಥೆನಾಲ್ ದ್ರವ. ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಅತಿವೇಗವಾಗಿ ಹೊರಳಾಡುವುದರಿಂದ, ಅಣು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರಿಂದ ಉಂಟಾಗುವ ವ್ಯತ್ಯಾಸಗಳೆಲ್ಲ ತಾವಾಗಿಯೇ ಅಳಿದು ಗೆರೆಗಳು ಕೂದಲಿನಷ್ಟು ಸಪೂರವಾಗುತ್ತವೆ. ಘನವಸ್ತುವಿನಲ್ಲಿ ಅಣುಗಳು ಕೂತಲ್ಲೇ ಕೂತಿರುತ್ತವೆ. ಪುಡಿಯ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ತಿರುಗಿಕೊಂಡಿರುವುದರಿಂದ ಗೆರೆಗಳು ಒಂದರ ಮೇಲೊಂದು ಹರಡಿಕೊಂಡು ದಿಬ್ಬವಾಗುತ್ತವೆ. 1958ರಲ್ಲಿ ವೇಲ್ಸ್‌ನ ಬ್ಯಾಂಗೋರಿನಲ್ಲಿ ರೇಮಂಡ್ ಆಂಡ್ರ್ಯೂ ಮತ್ತು ಸಂಗಡಿಗರು, ಮರುವರ್ಷ ಅಮೆರಿಕದಲ್ಲಿ ಲೋವ್ ಅವರು ಸ್ವತಂತ್ರವಾಗಿ, ಇದಕ್ಕೊಂದು ದಾರಿ ಕಂಡುಕೊಂಡರು: ವಸ್ತುವನ್ನು ಕಾಂತಕ್ಷೇತ್ರಕ್ಕೆ 54.74 ಡಿಗ್ರಿ ಓರೆಯಾಗಿಟ್ಟು ಬಿರುಸಾಗಿ ತಿರುಗಿಸುವುದು. ಘನಾಕೃತಿಯ ಪೆಟ್ಟಿಗೆಯೊಂದರ ಮೂಲೆಯಿಂದ ಎದುರು ಮೂಲೆಗೆ ಒಳಗಿನಿಂದ ದಾರ ಕಟ್ಟಿದರೆ ಅದು ಪೆಟ್ಟಿಗೆಯ ಅಂಚಿನೊಡನೆ ಮಾಡುವ ಕೋನ ಇದೇ. ಆಂಡ್ರ್ಯೂ ಅವರು ಮೊದಲು ತಿರುಗಿಸಿದವುಗಳಲ್ಲಿ ಅಡುಗೆ ಉಪ್ಪಿನ ಹರಳು ಸೇರಿತ್ತೆಂಬುದು ಸಾಣಿಕಟ್ಟೆಯ ಉಪ್ಪಿನಾಗರಗಳ ಪಕ್ಕದಲ್ಲಿ ಓಡಾಡಿ ಬೆಳೆದ ನನಗೆ ವಿಶೇಷ ಅಕ್ಕರೆಯ ಸಂಗತಿ. ಈಗ 4 ಮಿಲಿಮೀಟರ್ ವ್ಯಾಸದ ಜಿರ್ಕೋನಿಯಾ ರೋಟರನ್ನು (ಪುಡಿ ತುಂಬುವ ಪುಟ್ಟ ಕೊಳವೆಯನ್ನು) ಸೆಕೆಂಡಿಗೆ 15,000 ಸುತ್ತು ತಿರುಗಿಸುವುದು ದಿನನಿತ್ಯದ ಕೆಲಸ. ಆಗ ಅದರ ಅಂಚು ಸೆಕೆಂಡಿಗೆ ಸುಮಾರು 190 ಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. 0.7 ಮಿಲಿಮೀಟರಿನ ರೋಟರುಗಳು ಒಂದು ಲಕ್ಷ ಸುತ್ತನ್ನೂ ದಾಟುತ್ತವೆ.

ಇಷ್ಟೆಲ್ಲ ಕಷ್ಟಪಡುವುದು ವಸ್ತುವನ್ನು ಘನವಾಗಿಯೇ ಉಳಿಸಿಕೊಂಡು ಮಾತನಾಡಿಸಲಿಕ್ಕೆ. ಕರಗಿಸಿ ನೋಡುವುದು ಸಾಕಾಗಿದ್ದರೆ ಈ ಯಂತ್ರದ ಅಗತ್ಯವೇ ಇರಲಿಲ್ಲ.

ಇದನ್ನು ನಮ್ಮ ತೀರದ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ಔಷಧದ ಉದಾಹರಣೆ ಕೊಟ್ಟಾಗಲೆಲ್ಲ ಜನ ತಲೆಯಾಡಿಸಿ ಹೋಗಿ ಮತ್ತೆ ಕರಗಿಸಿಯೇ ಕಳಿಸಿದ್ದಾರೆ. ಅಘನಾಶಿನಿಯ ಅಳಿವೆಯಲ್ಲಿ ಹೆಂಗಸರು ಮೊಣಕಾಲುದ್ದದ ನೀರಿಗಿಳಿದು ಹೆಕ್ಕುವ ಬಳಚು ಎಂಬ ಚಿಪ್ಪುಜೀವಿಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಬಂಡೆಗಂಟಿ ಬೆಳೆಯುವ ಸಿಂಪಿಯ ಚಿಪ್ಪೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೂತ್ರ ಒಂದೇ, ಪರಮಾಣುಗಳ ಲೆಕ್ಕವೂ ಒಂದೇ. ಆದರೆ ಬಳಚು ಅದನ್ನು ಅರಾಗೊನೈಟ್ ಎಂಬ ರೀತಿಯಲ್ಲಿ ಜೋಡಿಸುತ್ತದೆ, ಸಿಂಪಿ ಹೆಚ್ಚಾಗಿ ಕ್ಯಾಲ್ಸೈಟ್ ಎಂಬ ರೀತಿಯಲ್ಲಿ. ಕೆಲಸದಲ್ಲಿದ್ದಾಗ ಒಮ್ಮೆ ಆ ಅಳಿವೆಯ ದಡದ ತದಡಿಯಿಂದ ಎರಡೂ ಬಗೆಯ ಚಿಪ್ಪುಗಳನ್ನು ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಕೊಟ್ಟ ಹೆಂಗಸು "ತಿಂಬುದು ಬಿಟ್ಟು ಚಿಪ್ಪಿ ತಕಂಡು ಎಂತ ಮಾಡ್ತ್ರಿ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದ್ದಳು. ರಜೆಯ ಎರಡು ದಿನ ಯಂತ್ರ ಖಾಲಿಯಿದ್ದಾಗ ಎರಡನ್ನೂ ತಿರುಗಿಸಿದೆ. ಇಂಥ ಖನಿಜದಲ್ಲಿ ಕಾರ್ಬನ್ ಬೀಜಗಳು ಒಮ್ಮೆ ಓಗೊಟ್ಟ ಮೇಲೆ ಮತ್ತೆ ಅಣಿಯಾಗಲು ಬಹಳ ಹೊತ್ತು ತೆಗೆದುಕೊಳ್ಳುವುದರಿಂದ ಅಷ್ಟು ಸಮಯ ಬೇಕೇ ಬೇಕು. ಸಿಂಪಿಯ ಕಾರ್ಬನ್ ಗೆರೆ 168.7 ಪಿಪಿಎಂ (ಆವರ್ತನದ ಸರಿತವನ್ನು ಹತ್ತು ಲಕ್ಷಕ್ಕೆ ಇಷ್ಟು ಎಂದು ಹೇಳುವ ಮಾನ) ಹತ್ತಿರ, ಬಳಚಿನದು 171ರ ಹತ್ತಿರ. ಎರಡೂ ಬೇರೆಯೆಂದು ಯಾರು ಬೇಕಾದರೂ ಕಣ್ಣಳತೆಯಲ್ಲೇ ಹೇಳಬಹುದಿತ್ತು.

ಈಗ ಎರಡರ ಮೇಲೂ ನಿಂಬೆಹುಳಿ ಹಿಂಡಿ. ಎರಡೂ ನೊರೆಯೆದ್ದು, ಕಾರ್ಬನ್ ಡೈಆಕ್ಸೈಡ್ ಹೋಗಿ, ಕ್ಯಾಲ್ಸಿಯಂ ನೀರಿಗಿಳಿಯುತ್ತದೆ. ಆ ನೀರನ್ನು ನನಗೆ ಕಳಿಸಿ, ಇದು ಬಳಚೋ ಸಿಂಪಿಯೋ ಎಂದು ಕೇಳಿದರೆ ಜಗತ್ತಿನ ಅತ್ಯಂತ ಬೆಲೆಬಾಳುವ ಯಂತ್ರವೂ ಉತ್ತರಿಸಲಾರದು. ಹಿಂದೆ ಚಿಪ್ಪಿಸುಣ್ಣ ಸುಡುತ್ತಿದ್ದ ಭಟ್ಟಿಯಲ್ಲೂ ಇದೇ ಆಗುತ್ತಿತ್ತು; ಎಲೆಗೆ ಹಚ್ಚಿದ ಸುಣ್ಣ ತಾನು ಯಾವ ಚಿಪ್ಪಾಗಿದ್ದೆನೆಂದು ಹೇಳುವುದಿಲ್ಲ. ಕರಗಿಸುವುದೆಂದರೆ ಜೋಡಣೆಯನ್ನು ಅಳಿಸುವುದು. ನೀವು ಕೇಳುತ್ತಿರುವುದು ಜೋಡಣೆಯ ಬಗ್ಗೆ. ಕರಗಿಸಿದ ಔಷಧದ ರೋಹಿತ ಅತ್ಯಂತ ಚೆಂದವಾಗಿ ಬರುತ್ತದೆ, ಅಣು ಯಾವುದು, ಕಲಬೆರಕೆ ಏನಿದೆ ಎಂಬುದನ್ನೆಲ್ಲ ನಿಖರವಾಗಿ ಹೇಳುತ್ತದೆ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ಆ ರೋಹಿತದಲ್ಲಿ ಎಲ್ಲವೂ ಸರಿಯಿದೆ ಎಂಬ ಕಾರಣಕ್ಕೆ ಪುಡಿಯೂ ಸರಿಯಿದೆ ಎಂದು ತೀರ್ಮಾನಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇದು ಪುಸ್ತಕದ ಸೂಕ್ಷ್ಮವಲ್ಲ. ಎಚ್‌ಐವಿ ರೋಗಿಗಳಿಗೆಂದು 1996ರಲ್ಲಿ ಮಾರುಕಟ್ಟೆಗೆ ಬಂದ ರಿಟೊನಾವಿರ್ ಎಂಬ ಔಷಧದ ಕ್ಯಾಪ್ಸೂಲುಗಳು 1998ರಲ್ಲಿ ಇದ್ದಕ್ಕಿದ್ದಂತೆ ಡಿಸಲ್ಯೂಶನ್ ಪರೀಕ್ಷೆಯಲ್ಲಿ ಸೋಲತೊಡಗಿದವು. ಅಣು ಬದಲಾಗಿರಲಿಲ್ಲ. ಅದುವರೆಗೆ ಯಾರೂ ಕಾಣದಿದ್ದ, ಇನ್ನೂ ಕಡಿಮೆ ಕರಗುವ ಎರಡನೆಯ ಸ್ಫಟಿಕರೂಪ ಅದರೊಳಗೆ ಹುಟ್ಟಿಕೊಂಡಿತ್ತು. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡು ಔಷಧವನ್ನು ಹೊಸದಾಗಿ ರೂಪಿಸಬೇಕಾಯಿತು. ಅದನ್ನೇ ನಂಬಿದ್ದ ರೋಗಿಗಳು ಕಾಯಬೇಕಾಯಿತು.

ಕರಗಿಸುವುದಷ್ಟೇ ತಪ್ಪೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ. ಆ ತಿಳಿವಳಿಕೆ ಬದಲಾದದ್ದು 2010ರ ಜುಲೈನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಕಾಂತೀಯ ಅನುರಣನದ ಜಾಗತಿಕ ಸಮ್ಮೇಳನದಲ್ಲಿ. ಯುರೋಪಿನ ಯುರೋಮಾರ್ ಮತ್ತು ಅಂತಾರಾಷ್ಟ್ರೀಯ ಸಂಘವಾದ ಇಸ್ಮಾರ್ ಎರಡರ ಸಭೆಗಳೂ ಆ ವರ್ಷ ಅಲ್ಲಿ ಒಟ್ಟಾಗಿ ನಡೆದವು. ಔಷಧವೊಂದರ ಎರಡು ರೂಪಗಳ ರೋಹಿತಗಳನ್ನು ಪೋಸ್ಟರಿಗೆ ಅಂಟಿಸಿಕೊಂಡು ನಾನು ನಿಂತಿದ್ದೆ. ವಯಸ್ಸಾದ ವಿಜ್ಞಾನಿಯೊಬ್ಬರು ಬಂದು, ಕನ್ನಡಕ ಏರಿಸಿ, ಐದು ನಿಮಿಷ ಮಾತಾಡದೆ ನೋಡಿದರು. ಗೆರೆಗಳ ಬಗ್ಗೆ, ಪಲ್ಸುಗಳ ಬಗ್ಗೆ, ನಾನು ತಿಂಗಳುಗಟ್ಟಲೆ ಕೂತು ಮಾಡಿದ ಲೆಕ್ಕದ ಬಗ್ಗೆ ಏನೂ ಕೇಳಲಿಲ್ಲ. ಅವರು ಕೇಳಿದ್ದು ಇಷ್ಟು: "ಈ ಪುಡಿಯನ್ನು ಅರೆದವರು ಯಾರು? ಎಷ್ಟು ಹೊತ್ತು?"

ಅರೆದವನು ನಾನೇ. ರೋಟರಿನಲ್ಲಿ ಸಮನಾಗಿ ಕೂರಲೆಂದು ಚೆನ್ನಾಗಿ ಅರೆದಿದ್ದೆ, ಎಷ್ಟು ಹೊತ್ತೆಂದು ಬರೆದಿಟ್ಟಿರಲಿಲ್ಲ. ಅರೆಯುವ ಒತ್ತಡಕ್ಕೇ ಕೆಲವು ಸ್ಫಟಿಕಗಳು ಬೇರೆ ರೂಪಕ್ಕೆ ತಿರುಗುತ್ತವೆ, ಕೆಲವು ಜೋಡಣೆಯನ್ನೇ ಕಳೆದುಕೊಳ್ಳುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಕ್ಯಾಲ್ಸೈಟನ್ನು ಗಂಟೆಗಟ್ಟಲೆ ಅರೆದರೆ ಅದು ಅರಾಗೊನೈಟ್ ಆಗುತ್ತದೆಂಬುದು 1950ರ ದಶಕದಿಂದಲೇ ತಿಳಿದಿರುವ ವಿಷಯ. ಗೊತ್ತಿದ್ದೂ ನನ್ನ ಕೈಯ ಕೆಲಸಕ್ಕೆ ಅದನ್ನು ಅನ್ವಯಿಸಿಕೊಂಡಿರಲಿಲ್ಲ. ಊರಿಗೆ ಮರಳಿ, ಅರೆಯದ ಹರಳುಗಳನ್ನೇ ಮೆಲ್ಲಗೆ ತುಂಬಿ ಮತ್ತೆ ನೋಡಿದಾಗ ಪೋಸ್ಟರಿನಲ್ಲಿದ್ದ ಒಂದು ಅಗಲವಾದ ಗೆರೆ ಕಾಣಿಸಲಿಲ್ಲ.

ಫ್ಲಾರೆನ್ಸ್‌ನಲ್ಲಿ ಬಿಡುವಿನ ಒಂದು ಮಧ್ಯಾಹ್ನ, ಕೆಲವೇ ವಾರಗಳ ಹಿಂದೆ ಹೊಸ ಹೆಸರಿನಲ್ಲಿ ಬಾಗಿಲು ತೆರೆದಿದ್ದ ಗೆಲಿಲಿಯೋ ಸಂಗ್ರಹಾಲಯಕ್ಕೆ ಹೋಗಿದ್ದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಪ್ರಯೋಗಪರಿಷತ್ತಿನವರು ಊದಿಸಿದ ಗಾಜಿನ ತಾಪಮಾಪಕಗಳ ಮುಂದೆ ಬಹಳ ಹೊತ್ತು ನಿಂತೆ. ನಂತರ ಮೈಕೆಲೇಂಜೆಲೊನ ಡೇವಿಡ್ ಶಿಲ್ಪದ ಎದುರು ನಿಂತಾಗ ನನಗೆ ನೆನಪಾದದ್ದು ತದಡಿ. ಕರಾರಾದ ಆ ಅಮೃತಶಿಲೆ ಕ್ಯಾಲ್ಸೈಟ್, ನಮ್ಮ ಸಿಂಪಿಯ ಚಿಪ್ಪಿನ ಜೋಡಣೆಯೇ.

ನಮ್ಮ ಜಿಲ್ಲೆಯವರು ಇನ್ನೊಂದು ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು: ಮಳೆಗಾಲ. ಅಂಗಡಿಯ ಗಾಜಿನ ಭರಣಿಯಲ್ಲಿ ಗಾಜಿನಂತೆ ಪಾರದರ್ಶಕವಾಗಿದ್ದ ಸಕ್ಕರೆ ಪೆಪ್ಪರಮೆಂಟು ಆಷಾಢದಲ್ಲಿ ಅಂಟಂಟಾಗಿ ಆಮೇಲೆ ಮೇಲೆಲ್ಲ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಜೋಡಣೆಯಿಲ್ಲದೆ ಹೆಪ್ಪುಗಟ್ಟಿದ್ದ ಸಕ್ಕರೆ ಗಾಳಿಯ ತೇವವನ್ನು ಹೀರಿ, ಅಣುಗಳಿಗೆ ಅಲುಗಾಡಲು ಎಡೆ ಸಿಕ್ಕಿ, ಹರಳುಗಟ್ಟುವುದೇ ಅದು. ಬೇಗ ಕರಗಲೆಂದು ಬೇಕೆಂದೇ ಜೋಡಣೆಯಿಲ್ಲದಂತೆ ತಯಾರಿಸಿದ ಔಷಧಗಳಿಗೂ ಇದೇ ಗತಿ. ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಸೀಸೆಯ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋಗಿ ಬಂದರೆ, ಬಿಟ್ಟುಹೋದ ವಸ್ತುವೇ ಅಲ್ಲಿರುತ್ತದೆಂದು ನಾನಂತೂ ಭರವಸೆ ಕೊಡಲಾರೆ. ಹಾಗೆಂದು ಎಲ್ಲದಕ್ಕೂ ಸಿಲಿಕಾ ಜೆಲ್ ಹಾಕುವುದೂ ಸರಿಯಲ್ಲ. ಹರಳಿನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುವ ಹೈಡ್ರೇಟ್ ಆಗಿದ್ದರೆ ಅದು ಆ ನೀರನ್ನೇ ಕಳೆದುಕೊಂಡು ಬೇರೆ ರೂಪವಾಗಬಹುದು. ಓವನಿನಲ್ಲಿ ಒಣಗಿಸಿ ಕಳಿಸುವವರಿಗೂ ಇದೇ ಮಾತು.

ನಮ್ಮ ಯಂತ್ರವೂ ನಿರಪರಾಧಿಯಲ್ಲ. ಅಷ್ಟು ವೇಗದಲ್ಲಿ ತಿರುಗುವಾಗ ಗಾಳಿಯ ಘರ್ಷಣೆಯಿಂದ ರೋಟರಿನೊಳಗೆ ಹದಿನೈದು ಇಪ್ಪತ್ತು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು, ಬಿಸಿಯೇರುತ್ತದೆ. ಸೀಸದ ನೈಟ್ರೇಟಿನ ಗೆರೆ ಉಷ್ಣತೆಗೆ ತಕ್ಕಂತೆ ಸರಿಯುವುದರಿಂದ ಅದನ್ನಿಟ್ಟು ನಾವು ಈ ಬಿಸಿಯನ್ನು ಮೊದಲೇ ಅಳೆದುಕೊಳ್ಳುತ್ತೇವೆ. ಅಲ್ಲದೆ, ಹೈಡ್ರೋಜನ್‌ಗಳ ನೆರವಿನಿಂದ ಕಾರ್ಬನ್‌ನ ದನಿಯನ್ನು ಎತ್ತರಿಸುವ ರೂಢಿಯ ವಿಧಾನದಲ್ಲಿ ಎರಡು ಗೆರೆಗಳ ಎತ್ತರದ ಅನುಪಾತವೇ ಎರಡು ರೂಪಗಳ ಅನುಪಾತವೆಂದು ತಿಳಿಯಬಾರದು; ಶೇಕಡಾ ಎಷ್ಟು ಎಂಬ ಪ್ರಶ್ನೆಗೆ ಬೇರೆಯದೇ ತಯಾರಿ ಬೇಕು. ಪುಡಿಯ ಮೇಲೆ ಎಕ್ಸ್-ರೇ ಹಾಯಿಸಿ ಅದು ಚದರುವ ಬಗೆಯಿಂದ ಜೋಡಣೆಯನ್ನು ಗುರುತಿಸುವ ಎಕ್ಸ್-ರೇ ಪುಡಿ ವಿವರ್ತನೆಯಿಂದಲೇ ಬಗೆಹರಿಯುವ ಎಷ್ಟೋ ಸಂಗತಿಗಳಿಗೆ ಎನ್‌ಎಂಆರ್ ಬೇಕಿಲ್ಲವೆಂದು ನಾನೇ ಹಿಂದಕ್ಕೆ ಕಳಿಸುತ್ತೇನೆ.

ಕಳಿಸುವುದಾದರೆ, ನೂರು ಮಿಲಿಗ್ರಾಮಿನ ಆಸುಪಾಸು, ಹೇಗಿದೆಯೋ ಹಾಗೆ, ಬಿಗಿ ಮುಚ್ಚಳದ ಸೀಸೆಯಲ್ಲಿ ಕಳಿಸಿ. ಜೊತೆಗೊಂದು ಚೀಟಿ ಇರಲಿ: ಯಾವ ದ್ರಾವಕದಿಂದ ಹರಳುಗಟ್ಟಿಸಿದ್ದು, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಒಣಗಿಸಿದ್ದು, ಜರಡಿ ಹಿಡಿದದ್ದೋ ಅರೆದದ್ದೋ, ಎಲ್ಲಿ ಎಷ್ಟು ದಿನ ಇಟ್ಟದ್ದು. ಈ ಚೀಟಿಯನ್ನು ಕೇಳಿದಾಗ ಕೆಲವರಿಗೆ ತಮ್ಮ ಮೇಲೆ ಅನುಮಾನಪಟ್ಟಂತೆ ಅನ್ನಿಸುತ್ತದೆ. ಹಾಗಲ್ಲ. ಘನವಸ್ತುವಿಗೆ ತನ್ನ ಮೇಲೆ ಏನೇನು ನಡೆಯಿತೆಂಬುದರ ನೆನಪಿರುತ್ತದೆ, ದ್ರಾವಣಕ್ಕೆ ಇರುವುದಿಲ್ಲ; ಆ ನೆನಪನ್ನು ಓದಲು ಆ ಚೀಟಿ ನಮಗೆ ಬೇಕು.

ಅಂಕೋಲೆಯ ಹುಡುಗನಿಗೂ ಇದನ್ನೇ ಹೇಳಿದೆ. ಅದೃಷ್ಟಕ್ಕೆ ಅದೇ ಬ್ಯಾಚಿನ ಕಂಟ್ರೋಲ್ ಸ್ಯಾಂಪಲ್ (ತೆಗೆದಿರಿಸಿದ ಮಾದರಿ) ಮುಟ್ಟದೆ ಉಳಿದಿತ್ತು. ಭಾನುವಾರ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿಸುವ ಬಸ್ಸಿನಲ್ಲಿ ತಾನೇ ಹಿಡಿದು ತಂದ, ಎರಡು ಪುಟ ತುಂಬ ಬರೆದ ವಿವರದೊಡನೆ. ಅದೇ ರಾತ್ರಿ ಬೆಂಗಳೂರಿಗೆ ಕಳಿಸಿದೆವು. ಹಳೆಯ ಒಳ್ಳೆಯ ಬ್ಯಾಚಿನಲ್ಲಿ ಒಂದೇ ಗೆರೆಯಿದ್ದಲ್ಲಿ ಇದರಲ್ಲಿ ಎರಡು ಗೆರೆಗಳು ಕಂಡವು. ಒಣಗಿಸುವ ಹಂತದ ದಾಖಲೆಗಳನ್ನು ಅವನೀಗ ತೆರೆದು ನೋಡುತ್ತಿದ್ದಾನೆ. ಅದರಾಚೆಗಿನದು ಆ ಸಂಸ್ಥೆಯ ಒಳಗಿನ ವಿಷಯವಾದ್ದರಿಂದ ಇಲ್ಲಿ ಬರೆಯುವುದು ನನಗೆ ಸಲ್ಲದು.